ಬಾದಾಮಿಗೆ ಹೊರಟಿದ್ದೀರಾ? ಮಗ್ಗದ ಊರುಗಳಿಗೂ ಒಂದು ದಿನ ಇಡಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದು ಅಂತ ಟ್ಯಾಕ್ಸಿಯವರು ಹೇಳುತ್ತಾರೆ. ಮುಗಿಸಬಹುದು, ನಿಜ. ಹತ್ತು ವರ್ಷದ ಹಿಂದೆ ನಾವೂ ಹಾಗೇ ಮುಗಿಸಿದ್ದೆವು. ಅದರಲ್ಲಿ ಈಗ ನೆನಪಿರುವುದು ಬಿಸಿಲು, ಕೋತಿ, ಇಷ್ಟೇ. ಈ ಸಲ ಡಿಸೆಂಬರಿನಲ್ಲಿ ಅಮ್ಮನ ಜೊತೆ ಹೋದಾಗ ಮೂರು ದಿನ ಇಟ್ಟುಕೊಂಡೆವು. ಗುಡಿಗಳಿಗೆ ಎರಡು ದಿನ, ಮಗ್ಗದ ಊರುಗಳಾದ ಗುಳೇದಗುಡ್ಡ ಮತ್ತು ಇಳಕಲ್ಲಿಗೆ ಒಂದು ದಿನ.

ಬೆಂಗಳೂರಿನವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸುಲಭ. ಸಂಜೆ ಹತ್ತಿದರೆ ಬೆಳಿಗ್ಗೆ ಬಾದಾಮಿ. ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ದೂರ. ಆಟೋ ಸಿಗುತ್ತದೆ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಗುಹೆಗಳಿಗೆ ಬೆಳಿಗ್ಗೆಯೇ ಹೋಗಿ. ಕೈಯಲ್ಲಿ ತಿಂಡಿ ಕವರ್ ಹಿಡಿದರೆ ಕೋತಿಗಳ ಪಾಲು. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಕೆತ್ತಿಸಿದ 578ರ ಶಾಸನವಿದೆ. ಹೆಚ್ಚಿನವರು ಗುಹೆ ನೋಡಿ ವಾಪಸ್ ಹೊರಡುತ್ತಾರೆ. ನೀವು ಅಗಸ್ತ್ಯ ತೀರ್ಥ ಕೆರೆಯ ಆಚೆ ತಟ್ಟುಕೋಟೆಯ ಕಡೆಗೂ ನಡೆಯಿರಿ. ಅಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಕನ್ನಡದ ತೀರಾ ಹಳೆಯ ತ್ರಿಪದಿಗಳಲ್ಲಿ ಒಂದು. ನಾವು ಹೋದಾಗ ಅಲ್ಲಿ ಒಬ್ಬರೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕಬೇಡಿ. 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಗುಡಿಯ ಹೊರಗೆ ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು. ಚಟ್ನಿ ಖಾರ ಜಾಸ್ತಿ, ಮೊಸರು ಮೊದಲೇ ಕೇಳಿ. ಜನವರಿ ಸುಮಾರಿಗೆ ಬನದ ಹುಣ್ಣಿಮೆಯಲ್ಲಿ ಇಲ್ಲಿ ದೊಡ್ಡ ಜಾತ್ರೆ. ಕಂಪನಿ ನಾಟಕಗಳ ಟೆಂಟ್, ಮನೆಗೆ ಬೇಕಾದ ಬಾಗಿಲು ಚೌಕಟ್ಟುಗಳ ವ್ಯಾಪಾರ, ಎಲ್ಲ ಇರುತ್ತದೆ. ಆ ಹೊತ್ತಿಗೆ ಹೋಗುವುದಾದರೆ ರೂಮನ್ನು ತುಂಬಾ ಮೊದಲೇ ಬುಕ್ ಮಾಡಿ.

ಎರಡನೇ ದಿನ ಪಟ್ಟದಕಲ್ಲು, ಐಹೊಳೆ. 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನು ಗೆದ್ದ ನೆನಪಿಗೆ. ಐಹೊಳೆಯಲ್ಲಿ ಸುಸ್ತಾಗಿದ್ದರೂ ಮೇಗುತಿ ಗುಡ್ಡ ಹತ್ತಿ. ಪುಲಿಕೇಶಿಯನ್ನು ಹೊಗಳಿದ ರವಿಕೀರ್ತಿಯ 634ರ ಶಾಸನ ಮೇಲಿದೆ. ಐಹೊಳೆಯಲ್ಲಿ ಸಂಜೆ ಬಸ್ಸನ್ನೇ ನಂಬಿಕೊಳ್ಳಬೇಡಿ, ಗಾಡಿ ಮಾಡಿಕೊಂಡು ಹೋಗಿ.

ಇನ್ನು ಮೂರನೇ ದಿನ. ಗುಳೇದಗುಡ್ಡದ ಓಣಿಗೆ ಕಾಲಿಟ್ಟರೆ ಮೊದಲು ಕೇಳುವುದು ಮಗ್ಗದ ಟಕಟಕ. ಇಲ್ಲಿ ನೇಯುವುದು ಖಣ, ಅಂದರೆ ಕುಬಸದ ಬಟ್ಟೆ. ತೇರು, ಆನೆಹೆಜ್ಜೆ ಅಂತ ವಿನ್ಯಾಸಗಳಿಗೆ ಹೆಸರಿದೆ. ಹೆಸರು ಹೇಳಿ ಕೇಳಿದರೆ ನೇಕಾರರ ಮುಖವೇ ಬದಲಾಗುತ್ತದೆ, ನೋಡಿ.

ಅಲ್ಲಿಂದ ಅಮೀನಗಡದ ಮೇಲೆ ಇಳಕಲ್. ಅಮ್ಮ ಆಗಲೇ ಒಂದು ಸೀರೆ ಕೊಂಡಾಗಿತ್ತು. ಹಿಂದಿನ ದಿನ ದಾರಿಯ ಒಂದು ಅಂಗಡಿಯವರು ‘ಪಕ್ಕಾ ಕೈಮಗ್ಗ’ ಅಂದಿದ್ದರು. ಇಳಕಲ್ಲಿನಲ್ಲಿ ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ) ಮುಂದೆ ಕೂತಿದ್ದ ಹೆಂಗಸಿಗೆ ಅಮ್ಮ ಖುಷಿಯಿಂದ ಅದನ್ನು ತೋರಿಸಿದಳು. ಅವರು ಸೆರಗು ತಿರುಗಿಸಿ ನೋಡಿ, “ಇದರಾಗ ಕೊಂಡಿನೇ ಇಲ್ಲಲ್ರೀ ಅಕ್ಕಾರ, ಮಷೀನಿಂದು ಇದು” ಅಂದರು.

ಕೊಂಡಿ ಅಂದರೆ ಏನು ಅಂತ ಆಮೇಲೆ ಅವರೇ ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಸೇರಿಸಬೇಕು. ಪ್ರತಿ ಸೀರೆಗೂ ಇದೇ ಕೆಲಸ. ಆದ್ದರಿಂದ ಕೊಳ್ಳುವಾಗ ಒಡಲು ಮತ್ತು ಸೆರಗು ಸೇರುವ ಜಾಗವನ್ನು ಹಿಂದಿನಿಂದ ನೋಡಿ, ಬೆರಳಾಡಿಸಿ. ನಡುವೆ ಎರಡು ಬಿಳಿ ಪಟ್ಟಿ ಇರುವ ಕೆಂಪು ತೋಪು ತೆನಿ ಸೆರಗನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ. ಬರೀ ಅದನ್ನು ನೋಡಿ ಮೋಸ ಹೋಗಬೇಡಿ.

ಮಗ್ಗದ ಮೇಲಿರುವ ಸೀರೆಯನ್ನೇ ಕೊಡಿ ಅಂತ ಮಾತ್ರ ಹಟ ಮಾಡಬೇಡಿ. ಎಷ್ಟೋ ಜನ ಸಾವುಕಾರರಿಂದ ನೂಲು ತಂದು ಕೂಲಿಗೆ ನೇಯುತ್ತಾರೆ, ಸೀರೆ ಅವರದಲ್ಲ. ಸ್ವಂತಕ್ಕೆ ನೇಯುವವರ ಮನೆ ಯಾವುದು ಅಂತ ಕೇಳಿ, ಅವರೇ ಕಳಿಸುತ್ತಾರೆ. ಒಳಗೆ ಹೋಗುವ ಮೊದಲು ಚಪ್ಪಲಿ ಬಿಡಿ, ಫೋಟೋಗೆ ಅನುಮತಿ ಕೇಳಿ. ನೇಯುತ್ತಿರುವಾಗ ಜಾಸ್ತಿ ಹೊತ್ತು ಮಾತಿಗೆ ಎಳೆಯಬೇಡಿ, ಅವರ ದಿನದ ಕೂಲಿ ಹೋಗುತ್ತದೆ. ಕೈಯಲ್ಲಿ ಸ್ವಲ್ಪ ನಗದು ಇರಲಿ.

ವಾಪಸ್ ಬರುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಎರಡು ಡಬ್ಬಿ ಸಾಲಲಿಲ್ಲ. ಅಮ್ಮ ಈಗ ಕೊಂಡಿ ಇರುವ ಸೀರೆಯನ್ನು ಮದುವೆಗಳಿಗೆ ಉಡುತ್ತಾಳೆ. ಮಷೀನಿನದನ್ನೂ ಬಿಟ್ಟಿಲ್ಲ, ಬಣ್ಣ ಚೆನ್ನಾಗಿದೆಯಂತೆ.