ಸೆಟ್ಟಿಂಗ್ ಶೀಟ್ ಕೇಳ್ಕೊಂಡು ಬಂದಾಕಿ

ಗದಗ, 18 ನವೆಂಬರ್ 2025, ಮಂಗಳವಾರ ರಾತ್ರಿ

ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಲಗ್ನಪತ್ರಿಕಿ, ಕ್ಯಾಲೆಂಡರ್ ಎರಡೂ ಒಮ್ಮೆಗೇ ಬಂದು ಬಿದ್ದಾವು, ಅದರ ಬಗ್ಗೆ ಬರದ್ರ ನನಗ ಬ್ಯಾಸರ ಬರತೈತಿ. ಆರ್ಟ್ ಕಾಲೇಜಿನ ಆ ಹುಡುಗಿ ಇವತ್ತ ಮತ್ತ ಬಂದಿದ್ಲು. ರಜಿಸ್ಟರ್ ಕೂಡೂತನಕ, ಅಂದ್ರ ಬಣ್ಣ ಒಂದರ ಮ್ಯಾಲೊಂದು ಬರೋಬ್ಬರಿ ಕೂಡೂತನಕ, ಬಣ್ಣ ಸರಿ ಬರೂತನಕ ಹಳೇ ಹಾಳಿನ ತಿರುಗಿಸಿ ಮುರುಗಿಸಿ ಓಡಸ್ತೀವಲ್ಲ, ಆ ಸೆಟ್ಟಿಂಗ್ ಶೀಟ್ ಬೇಕಂತ ಅಕಿಗೆ. ರದ್ದಿಗೆ ಹೋಗೂ ಮಾಲು, ಒಯ್ಯವಾ ಅಂದಿದ್ದೆ.

ಒಂದ್ ಹಾಳಿ ಟೇಬಲ್ ಮ್ಯಾಲೆ ಹಾಸಿ ತೋರಿಸಿದ್ಲು. ಕ್ಯಾಲೆಂಡರಿನ ಬಸವಣ್ಣ, ಅದರ ಮ್ಯಾಲೆ ಯಾರದೋ ಲಗ್ನದ ಗಣಪತಿ ತಲಿಕೆಳಗ, ಅದರ ಮ್ಯಾಲೆ ಬೀಜದ ಪಾಕೀಟಿನ ಮೆಣಸಿನಕಾಯಿ. ಆಫ್‌ಸೆಟ್ ಇಂಕು ಕೆಳಗಿಂದು ಮುಚ್ಚಂಗಿಲ್ಲ, ನೀಲಿ ಮ್ಯಾಲೆ ಹಳದಿ ಬಿದ್ರ ಹಸರಾಗಿ ಕೂಡತೈತಿ, ಹಿಂಗಾಗಿ ಯಾವುದು ಹಿಂದ ಯಾವುದು ಮುಂದ ತಿಳಿಯಂಗಿಲ್ಲ. ಹಾಳಿಗೆ ಇಂಕು ಒತ್ತೂ ರಬ್ಬರ್ ಬ್ಲ್ಯಾಂಕೆಟ್ ಮ್ಯಾಲೆ ಕಸ ಕೂತು ಬಿಳೇ ಉಂಗುರದಂಥಾ ಹಿಕ್ಕಿ ಬಿದ್ದಿತ್ತು, ಅದರ ಸಲುವಾಗಿ ನಾವು ಮಶೀನ್ ನಿಂದ್ರಿಸಿ ಬೈದಾಡ್ತೀವಿ, ಅಕಿ ಬಳ್ಳಿಟ್ಟು ಇದಽ ಚಲೋ ಅಂತಾಳ. "ಅಣ್ಣಾರ, ಇದರಾಗ ಒಳಗ ಹೋಗಾಕ ದಾರೀನ ಇಲ್ನೋಡ್ರಿ, ಎಲ್ಲಾ ಮ್ಯಾಲೇ ಐತಿ."

ಸಾಲ್ಯಾಗ ಡ್ರಾಯಿಂಗ್ ಸರ್ ಗುಡ್ಡದ ಕಡೆ ಸಣ್ಣಾಗ್ತಾ ಹೋಗೂ ರಸ್ತಾ ಬರಸ್ತಿದ್ರು, ಅದಽ ಚಿತ್ರ ಅನ್ಕೊಂಡಾಂವ ನಾನು.

ಆಮ್ಯಾಲೆ ಮೊಬೈಲ್‌ನಾಗ ರಾಬರ್ಟ್ ರೌಶೆನ್‌ಬರ್ಗ್ ಅನ್ನೂ ಅಮೆರಿಕಾದ ಕಲಾವಿದನ ಟೈರ್ ಗುರ್ತು ತೋರಿಸಿದ್ಲು. 1953ರಾಗ ನ್ಯೂಯಾರ್ಕಿನ್ಯಾಗ 20 ಹಾಳಿ ಒಂದಕ್ಕೊಂದು ಅಂಟಿಸಿ ರಸ್ತಾದ ಮ್ಯಾಲೆ ಹಾಸ್ಯಾನ, ಟೈರಿಗೆ ಕಪ್ಪು ಬಣ್ಣ, ಕಾರ್ ಹೊಡದಾಂವ ಜಾನ್ ಕೇಜ್, ಸಂಗೀತದಾಂವ. ಸುಮಾರು 22 ಫೂಟ್ ಉದ್ದದ ಒಂದ ಗೆರಿ. ನಮ್ಮ ಮಶೀನ್ ಓಡಸೂ ಕಾಕಾ ಬಗ್ಗಿ ನೋಡಿ "ಇದು ಪ್ರಿಂಟಿಂಗಽ ಅಲ್ಲೇನವಾ, ರೋಲರ್ ದೊಡ್ಡದೈತಿ ಅಷ್ಟ" ಅಂದ್ರು. ಎಷ್ಟ್ ಖರೇ ಅಂದ್ರು!

ಇಲ್ಲೇ ನೋಡ್ರಿ ತ್ರಾಸು ಚಾಲೂ ಆತು. ಅಕಿಗೆ ಇಂಥಾವು ಬೇಕು ಅಂತ ಗೊತ್ತಾದಾಗಿಂದ ಕಾಕಾ ತಾವಽ ಮಾಡಾಕ ಹತ್ಯಾರ. ಗಣಪತಿ ಒಂದ್ ಮೂಲಿಗೆ, ಹೂವು ನಡು, ಬಣ್ಣ ಬಣ್ಣಕ್ಕ ಹೊಂದಿಸಿ. ಪಾಪ, ಪ್ರೀತೀಲೆ. ಖರೇ ಹೇಳಬೇಕಂದ್ರ ಒಂದೂ ನೋಡಾಂಗಿಲ್ಲ, ಸತ್ತಾವು. ಹುಡುಗಿ ಶ್ಯಾಣ್ಯಾಕಿ, "ಛಲೋ ಅದಾವ್ರಿ ಕಾಕಾರ" ಅಂತ ಸುತ್ತಿಕೊಂಡು ಹೋದ್ಲು.

ಅಲ್ಲ, ಆ ರೌಶೆನ್‌ಬರ್ಗೂ ಹಾಳಿ ನೆಟ್ಟಗ ಅಂಟಿಸಿದಾಂವ, ನೆಟ್ಟಗ ಹೊಡಿ ಅಂದಾಂವಽ ಇದ್ದಿರಬೇಕಲ್ಲ. ಎಲ್ಲಾ ತಯಾರಿ ಮಾಡೇ ಮಾಡ್ಯಾನ, ಆದ್ರ ಬಣ್ಣ ಎಲ್ಲಿ ದಪ್ಪ ಎಲ್ಲಿ ತೆಳ್ಳಗ ಅನ್ನೂದು ಟೈರಿಗೆ ಬಿಟ್ಟಾನ. ಕಾಕಾ ಬಿಡವಲ್ಲರು, ಮೂವತ್ತ್ ವರ್ಷದ ಕೈ, ತಪ್ಪು ಬೀಳಬಾರದು ಅಂತಽ ಪಳಗಿದ್ದು, ಅದಕ್ಕ ಬಿಡು ಅಂತ ಹೆಂಗ ಹೇಳೂದು. ಹೇಳಿದ್ರ ಸಿಟ್ಟಾಗ್ತಾರ. ಹೇಳದಿದ್ರ, ಇವತ್ತ ನೋಡೀನಿ, ಹಳೇ ಹಾಳಿ ಬಿಟ್ಟು ಹೊಸಾ ಆರ್ಟ್ ಪೇಪರ್ ರಿಮ್ಮಿಗೇ ಕೈ ಹಾಕ್ಯಾರ.