ಧಾರವಾಡದಲ್ಲಿ ದೊಡ್ಡವರ ಮನೆ ಹುಡುಕುತ್ತಾ ಮೂರು ದಿನ

ಧಾರವಾಡ ಸ್ಟೇಶನ್ನಿನ ಹೊರಗೆ ಆಟೋ ಹತ್ತಿ ‘ಸಾಧನಕೇರಿ’ ಎಂದೆ. ‘ಬೇಂದ್ರೆ ಅಜ್ಜಾರ ಮನಿಗೇನ್ರಿ?’ ಎಂದು ಕೇಳಿದರು ಆಟೋದವರು. ಪಕ್ಕದಲ್ಲಿ ಕೂತಿದ್ದ ಅಪ್ಪನ ಮುಖ ಅರಳಿತು. ಅವರು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವರು. ಬೇಂದ್ರೆ ಪದ್ಯ ಎಷ್ಟು ಸಲ ಪಾಠ ಮಾಡಿದ್ದಾರೋ ಲೆಕ್ಕವಿಲ್ಲ. ಆದರೆ ಧಾರವಾಡ ನೋಡಿರಲಿಲ್ಲ. ಅವರನ್ನು ಕರೆದುಕೊಂಡು ಹೋಗಬೇಕು ಅನ್ನುವ ಒಂದೇ ಕಾರಣಕ್ಕೆ ಮಾಡಿದ ಪ್ರವಾಸ ಇದು. ಮನೆಯ ಹಿರಿಯರ ಜೊತೆ ನೀವೂ ಹೊರಡುವುದಾದರೆ ನಾವು ನೋಡಿ ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲ ಮಾತು, ಒಂದೇ ದಿನದಲ್ಲಿ ಎಲ್ಲ ಮುಗಿಸುವ ಆಸೆ ಬೇಡ. ಇಲ್ಲಿ ನೋಡಬೇಕಾದ್ದು ಕೋಟೆ, ಅರಮನೆ ಅಲ್ಲ. ಕವಿಗಳು, ಹಾಡುಗಾರರು ಇದ್ದ ಮನೆಗಳು, ಓಣಿಗಳು, ಅವರು ಸಂಜೆ ಕೂತು ಹರಟುತ್ತಿದ್ದ ಜಾಗಗಳು. ಹೋಗಿ ಫೋಟೋ ತೆಗೆದು ಬಂದರೆ ಐದು ನಿಮಿಷ ಸಾಕು. ಸ್ವಲ್ಪ ಕೂತರೆ ಮಾತ್ರ ಏನಾದರೂ ಸಿಗುತ್ತದೆ. ಧಾರವಾಡಕ್ಕೆ ಎರಡು ದಿನ, ಹುಬ್ಬಳ್ಳಿ ಮತ್ತು ಕುಂದಗೋಳಕ್ಕೆ ಒಂದು ದಿನ ಇಟ್ಟುಕೊಳ್ಳಿ.

ಸಾಧನಕೇರಿಗೆ ಬೆಳಗ್ಗೆಯೇ ಹೋಗಿ. ನಾವು ಏಳೂವರೆಗೆಲ್ಲ ಕೆರೆಯ ಹತ್ತಿರ ಇದ್ದೆವು. ರಾತ್ರಿ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ವಾಕಿಂಗಿಗೆ ಬಂದವರು ಬಿಟ್ಟರೆ ಜನ ಕಡಿಮೆ. ಬೇಂದ್ರೆಯವರ ಮನೆಯ ಹೆಸರು ‘ಶ್ರೀಮಾತಾ’. ಅಪ್ಪ ಗೇಟಿನ ಮುಂದೆ ಚಪ್ಪಲಿ ಬಿಟ್ಟು ನಿಂತುಬಿಟ್ಟರು. ‘ಇದೇನು ಗುಡಿನಾ ಅಪ್ಪ?’ ಎಂದು ಕೇಳಬೇಕು ಅನಿಸಿತು, ಕೇಳಲಿಲ್ಲ. ಅವರ ತುಟಿ ಅಲುಗುತ್ತಿತ್ತು. ಯಾವುದೋ ಪದ್ಯವನ್ನು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನಾನು ಸುಮ್ನೆ ಪಕ್ಕಕ್ಕೆ ಬಂದೆ.

ಬೇಂದ್ರೆ ಹುಟ್ಟಿದ್ದು ಇದೇ ಊರಲ್ಲಿ, 1896ರ ಜನವರಿ 31ರಂದು. ಮನೆಮಾತು ಮರಾಠಿ, ಆದರೆ ಬರೆದದ್ದು ಓಣಿಯ ಹೆಂಗಸರು, ರೈತರು ಆಡುವ ಧಾರವಾಡದ ಕನ್ನಡದಲ್ಲಿ. ಒಂದು ಕವಿತೆ ಬರೆದದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಹಾಕಿತು, ಆಮೇಲೆ ಹತ್ತಿರದ ಮುಗದ ಅನ್ನುವ ಹಳ್ಳಿಯಲ್ಲಿ ಇರಿಸಿತು. ಕೆಲಸವಿಲ್ಲದೆ ಕಷ್ಟಪಟ್ಟ ವರ್ಷಗಳೂ ಇದ್ದವು. ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡಿ 1956ರಲ್ಲಿ ಮತ್ತೆ ಈ ಊರಿಗೇ ಬಂದರು. 1973ರ ಜ್ಞಾನಪೀಠ ಬಂದಾಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಇದನ್ನೆಲ್ಲ ಮೊದಲೇ ಸ್ವಲ್ಪ ಓದಿಕೊಂಡು ಹೋಗಿ. ಆಗ ಮನೆ ಬರೀ ಮನೆಯಾಗಿ ಕಾಣುವುದಿಲ್ಲ.

ಹತ್ತಿರದಲ್ಲೇ ಬೇಂದ್ರೆ ಭವನ ಇದೆ. ಹೋಗುವ ಮುಂಚೆ ತೆರೆದಿದೆಯಾ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಈ ಮಾತು ಧಾರವಾಡದ ಎಲ್ಲ ಜಾಗಕ್ಕೂ ಅನ್ವಯ. ನಾವು ಒಂದು ಕಡೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಬೀಗ ನೋಡಿ ವಾಪಸ್ ಬಂದೆವು. ಬಿಸಿಲಲ್ಲಿ ಅಪ್ಪನಿಗೆ ಸುಸ್ತಾಗಿತ್ತು, ನನಗೆ ಬೇಜಾರಾಯಿತು. ಇಲ್ಲಿ ಮಧ್ಯಾಹ್ನ ಅಂದರೆ ಊಟ, ಸ್ವಲ್ಪ ನಿದ್ದೆ. ಬೆಳಗ್ಗೆ ಹತ್ತೂವರೆಯಿಂದ ಒಂದರೊಳಗೆ, ಇಲ್ಲವೇ ನಾಲ್ಕರ ಮೇಲೆ ಹೋಗುವ ಹಾಗೆ ನೋಡಿಕೊಳ್ಳಿ.

ಸಾಧನಕೇರಿ ಆದಮೇಲೆ ಸುಭಾಸ ರಸ್ತೆ. ಅಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಪ್ರಕಾಶನ. ಆಕ್ಸ್‌ಫರ್ಡಿಗೆ ಹೊರಟ ಹುಡುಗನೊಬ್ಬನ ಮೊದಲ ನಾಟಕವನ್ನು 1961ರಲ್ಲಿ ಪ್ರಕಟಿಸಿದ್ದು ಇವರೇ. ಆ ಹುಡುಗ ಗಿರೀಶ ಕಾರ್ನಾಡ. ಅವರು ಹುಟ್ಟಿದ್ದು ಮಾಥೇರಾನದಲ್ಲಿ, ಆದರೆ ಹೈಸ್ಕೂಲು, ಕರ್ನಾಟಕ ಕಾಲೇಜು ಎಲ್ಲ ಧಾರವಾಡದಲ್ಲೇ. ಅಟ್ಟಕ್ಕೆ ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿರುವವರು ನಿಧಾನ. ಮೇಲೆ ಪುಸ್ತಕದ ವಾಸನೆ. ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ, ಕೈಯಲ್ಲಿ ಒಂದು ಬಟ್ಟೆ ಚೀಲ ಇರಲಿ. ನಾವು ಹನ್ನೊಂದು ಪುಸ್ತಕ ಹೊತ್ತು ಇಳಿದೆವು.

ಒಂದೇ ಊರಿಗೆ ಇಷ್ಟು ಜನ ಹೇಗೆ ಬಂದರು? ಅಪ್ಪ ಇದನ್ನು ದಾರಿಯುದ್ದಕ್ಕೂ ಹೇಳುತ್ತಿದ್ದರು. ಆಗ ಇದು ಮುಂಬೈ ಪ್ರಾಂತ. ಶಾಲೆಯಲ್ಲಿ, ಕಚೇರಿಯಲ್ಲಿ ಮರಾಠಿಯದ್ದೇ ಜೋರು. ಕನ್ನಡ ಉಳಿಸಿಕೊಳ್ಳುವುದಕ್ಕೆ ಇಲ್ಲಿಯವರು ಹೊಡೆದಾಡಬೇಕಾಯಿತು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ರಾ.ಹ. ದೇಶಪಾಂಡೆಯವರು 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಆಲೂರು ವೆಂಕಟರಾಯರು ವಕೀಲಿ ಬಿಟ್ಟು ಕರ್ನಾಟಕ ಒಂದಾಗಬೇಕು ಎಂದು ಊರೂರು ಓಡಾಡಿದರು. ಇನ್ನೊಂದು ಕಾರಣ ದಾರಿ. ಮಹಾರಾಷ್ಟ್ರದ ಕಡೆಯಿಂದ ಮೈಸೂರು ಅರಮನೆಗೆ ಹಾಡಲು ಹೋಗುತ್ತಿದ್ದ ಉಸ್ತಾದರು ನಡುವೆ ಇಲ್ಲಿ ಇಳಿದು ಉಳಿಯುತ್ತಿದ್ದರು. ಅಬ್ದುಲ್ ಕರೀಂ ಖಾನ್ ಹಾಗೆ ಬಂದವರು. ಸಿತಾರದ ರಹಿಮತ್ ಖಾನ್ ಬಂದು ಇಲ್ಲಿಯವರೇ ಆದರು. ಅವರ ಮೊಮ್ಮಕ್ಕಳೂ ಸಿತಾರವನ್ನೇ ಹಿಡಿದರು.

ವಿದ್ಯಾವರ್ಧಕ ಸಂಘಕ್ಕೆ ಸಂಜೆ ಹೋಗಿ. ಬೆಳಗಿನ ಪೇಪರಿನ ಸ್ಥಳೀಯ ಪುಟದಲ್ಲಿ ‘ಇಂದಿನ ಕಾರ್ಯಕ್ರಮ’ ನೋಡಿದರೆ ಏನಿದೆ ಎಂದು ಗೊತ್ತಾಗುತ್ತದೆ. ನಾವು ಹೋದ ದಿನ ಒಂದು ಉಪನ್ಯಾಸ ಇತ್ತು. ಹಿಂದಿನ ಸಾಲಿನಲ್ಲಿ ಕೂತೆವು. ಪಕ್ಕದಲ್ಲಿದ್ದ ಹಿರಿಯರು ‘ಯಾವ ಊರ್ರಿ ನಿಮ್ದು?’ ಎಂದು ಶುರುಮಾಡಿ, ಮುಗಿದ ಮೇಲೆ ಚಹಾ ಕುಡಿಸಿಯೇ ಬಿಟ್ಟರು. ಮರುದಿನ ಎಲ್ಲೆಲ್ಲಿ ಹೋಗಬೇಕು ಎಂದು ದಾರಿ ಹೇಳಿದ್ದೂ ಅವರೇ. ಬೇಂದ್ರೆ ಮತ್ತು ಅವರ ಸಾಹಿತಿ ಮಿತ್ರರ ಬಳಗವಾದ ‘ಗೆಳೆಯರ ಗುಂಪಿ’ನವರು ಕೂತು ಕವಿತೆ ಓದುತ್ತಿದ್ದ ಅತ್ತಿಕೊಳ್ಳದ ದಾರಿಯನ್ನು ನಮ್ಮ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು.

ಎರಡನೇ ದಿನವನ್ನು ಸಂಗೀತಕ್ಕೆ ಇಡಿ. ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಮೇಲಿನ ಭಕ್ತಿಯಿಂದ ಇಟ್ಟ ಹೆಸರು. ಮನ್ಸೂರರು ಹುಟ್ಟಿದ ಮನಸೂರು ಗ್ರಾಮ ಧಾರವಾಡದಿಂದ ಕೆಲವೇ ಕಿಲೋಮೀಟರ್. ರೈತರ ಮನೆಯ ಹುಡುಗ, ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದ, ಅಲ್ಲಿಂದ ಸಂಗೀತಕ್ಕೆ ಬಂದ. ಮುಂಬೈಯಲ್ಲಿ ಮಂಜಿ ಖಾನ್, ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನ್ ಹತ್ತಿರ ಜೈಪುರ ಅತ್ರೌಲಿ ಘರಾಣೆಯ ಹಾಡುಗಾರಿಕೆ ಕಲಿತರು. ಅಷ್ಟು ದೊಡ್ಡ ಹೆಸರು ಬಂದಮೇಲೂ ಮನೆ ಮಾಡಿ ಬದುಕಿದ್ದು ಇಲ್ಲೇ. ಪದ್ಮವಿಭೂಷಣ ಬಂದ 1992ರಲ್ಲೇ, ಸೆಪ್ಟೆಂಬರ್ 12ರಂದು ಹೋದರು.

ಈ ಮನೆಗೆ ಹೋಗುವ ಹಿಂದಿನ ರಾತ್ರಿ ಅವರ ಒಂದು ರಾಗ, ಒಂದು ವಚನ ಕೇಳಿ ಮಲಗಿ. ಇದು ನನ್ನ ಗಟ್ಟಿ ಸಲಹೆ. ನಾವು ಲಾಡ್ಜಿನಲ್ಲಿ ಫೋನನ್ನು ದಿಂಬಿನ ಮೇಲಿಟ್ಟು ಕೇಳಿದೆವು. ಮರುದಿನ ಆ ಕೋಣೆಗಳಲ್ಲಿ ನಿಂತಾಗ, ಇಲ್ಲಿ ಎಷ್ಟು ಸಾವಿರ ಸಲ ‘ಸಾ’ ಹಚ್ಚಿರಬೇಕು ಎಂದು ಯೋಚಿಸಿ ಮೈ ಜುಮ್ಮೆಂದಿತು. ಒಳಗೆ ಜೋರಾಗಿ ಮಾತಾಡಬೇಡಿ. ಫೋಟೋ ತೆಗೆಯುವ ಮುಂಚೆ ನೋಡಿಕೊಳ್ಳುವವರನ್ನು ಕೇಳಿ.

ಅಲ್ಲಿಂದ ಊರ ಹಳೇ ಭಾಗಕ್ಕೆ, ಶುಕ್ರವಾರಪೇಟೆಗೆ ನಡೆಯಿರಿ. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ ಓಣಿ ಇದು, 1913ರಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುವವರು. ಚಿಕ್ಕವಳಿದ್ದಾಗ ನೆರೆಯವರ ತೋಟದಲ್ಲಿ ಮಾವಿನಕಾಯಿ ಆರಿಸಲು ಹೋಗಿ ಬೈಸಿಕೊಂಡದ್ದನ್ನು ಗಂಗೂಬಾಯಿ ಮುಂದೆ ನೆನೆಸಿಕೊಂಡಿದ್ದಾರೆ. ಹಾಡುವವರ ಮಗಳು ತಮ್ಮ ತೋಟ ಮುಟ್ಟಿದಳು ಎಂಬುದೇ ಅವರ ಸಿಟ್ಟು. ಅಂಥವರೇ ಮುಂದೆ ಊಟಕ್ಕೆ ಕರೆದರು. ಓಣಿಯಲ್ಲಿ ನಿಂತು ಈ ಕಥೆ ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಸಮಯ ಉಳಿದರೆ ವಿಶ್ವವಿದ್ಯಾಲಯದ ಗುಡ್ಡಕ್ಕೆ ಹೋಗಿ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಂ ನೋಡಿ. ಫೇಡೆ ಬೇಕಿದ್ದರೆ ಲೈನ್ ಬಜಾರಿಗೆ ಬೆಳಗ್ಗೆಯೇ ಹೋಗಿ, ಕ್ಯೂ ಇರುತ್ತದೆ.

ಮೂರನೇ ದಿನ, ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ. ದೇಶಪಾಂಡೆ ನಗರದಲ್ಲಿ ಗಂಗೂಬಾಯಿಯವರ ಮನೆ ‘ಗಂಗಾ ಲಹರಿ’. 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಊರು ಹುಬ್ಬಳ್ಳಿಯೇ. ಅದನ್ನು ನೋಡಿ ಕುಂದಗೋಳಕ್ಕೆ ಹೊರಡಿ. ಬಸ್ಸು ಬೇಕಾದಷ್ಟಿವೆ, ಆದರೆ ಟೈಮ್ ನೋಡಿಕೊಂಡು ರೈಲಿಗೇ ಹೋಗಿ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆಂದು ಗಂಗೂಬಾಯಿ ವರ್ಷಗಟ್ಟಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಓಡಾಡಿದ್ದು ಇದೇ ರೈಲು ದಾರಿಯಲ್ಲಿ. ಮನೆ, ಮಕ್ಕಳನ್ನು ನೋಡಿಕೊಂಡು, ಪಾಠ ಮುಗಿಸಿ ರಾತ್ರಿ ಮರಳುತ್ತಿದ್ದರು. ಆಗ ಅದೇ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ.

ಕುಂದಗೋಳದಲ್ಲಿ ನಾಡಗೀರ ವಾಡೆ, ಅಂದರೆ ನಾಡಗೀರರ ದೊಡ್ಡ ಮನೆ, ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಸವಾಯಿ ಗಂಧರ್ವರ ಪುಣ್ಯತಿಥಿಯ ನೆನಪಿನಲ್ಲಿ ಅಹೋರಾತ್ರಿ ಸಂಗೀತ ನಡೆಯುವ ಜಾಗ ಅದು. ಆ ಹೊತ್ತಿಗೇ ಹೋಗುವ ಯೋಚನೆ ಇದ್ದರೆ ಹುಬ್ಬಳ್ಳಿಯಲ್ಲಿ ಮೊದಲೇ ರೂಮ್ ಹಿಡಿಯಿರಿ, ಬೆಳಗಿನ ಜಾವಕ್ಕೆ ಒಂದು ಶಾಲು ಇರಲಿ. ನಾವು ಹೋದ ದಿನ ವಾಡೆ ಖಾಲಿ ಇತ್ತು. ಅಪ್ಪ ಒಂದು ಕಂಬಕ್ಕೆ ಒರಗಿ ಕೂತರು. ‘ಮುಂದಿನ ಸಲ ಹಾಡು ಇರುವಾಗ ಬರೋಣ’ ಎಂದರು. ವಾಪಸ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೇ ಬಿಟ್ಟುಕೊಟ್ಟೆ.