ಬೆನ್ನ ಕಡೆಯಿಂದ ಕೊರೆದ ಗಿಟಾರ್

ಎಲೆಕ್ಟ್ರಿಕ್ ಗಿಟಾರಿನ ಮುಖದ ಮೇಲೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನದೊಂದು ಸ್ಕ್ರೂ ಕೂಡ ಕಾಣಬಾರದು ಅನ್ನುವ ಹಟ ನನ್ನದು. ಸುತ್ತ ಪ್ಲಾಸ್ಟಿಕ್ ಚೌಕಟ್ಟೂ ಬೇಡ, ಪಿಕಪ್ ಮರದೊಳಗಿಂದಲೇ ಎದ್ದು ಬಂದ ಹಾಗಿರಬೇಕು. ಅದಕ್ಕೇ ಬೆನ್ನ ಕಡೆಯಿಂದ ಕೂರಿಸೋಣ ಅಂತ ಹೊರಟೆ.

ಮಹಾಗನಿ ಹಲಗೆ, 45 ಮಿಮೀ ದಪ್ಪ. ಮುಂದಿನಿಂದ ಹಂಬಕರ್ (ಎರಡು ಸುರುಳಿಯ ಪಿಕಪ್) ಅಳತೆಗೆ, ಸುಮಾರು 70ಕ್ಕೆ 38 ಮಿಮೀ, 8 ಮಿಮೀ ಆಳದ ಕಿಂಡಿ. ಆಮೇಲೆ ಹಲಗೆ ಬೋರಲು ಹಾಕಿ, ಹಿಂದಿನಿಂದ ಅದಕ್ಕಿಂತ ದೊಡ್ಡ ಗುಂಡಿ, 39 ಮಿಮೀ ಆಳ. ಎರಡೂ ನಡುವೆ ಸಂಧಿಸಿದಾಗ ಕಿಂಡಿಯ ಸುತ್ತ 6 ಮಿಮೀ ದಪ್ಪದ ಅಂಚು ಉಳಿಯಬೇಕು. ಪಿಕಪ್ಪಿನ ಎರಡು ತುದಿಯಲ್ಲಿ ಚಾಚಿದ ಕಿವಿಗಳಿಗೆ ಹಾಕುವ ಸ್ಕ್ರೂ ಕಚ್ಚುವುದು ಆ ಅಂಚಿಗೇ.

ಎರಡೂ ಕಡೆ ಟೆಂಪ್ಲೇಟ್ (ಕೊರೆಯಬೇಕಾದ ಆಕಾರದ ಅಚ್ಚು) ಒಂದೇ ಜಾಗಕ್ಕೆ ಬರಲು ಕಿಂಡಿ ಬರುವ ಜಾಗದೊಳಗೇ 3 ಮಿಮೀಯ ಎರಡು ತೂತು ಆರಪಾರ ಕೊರೆದಿದ್ದೆ. ಕೆಲಸ ಮುಗಿದಾಗ ಆ ತೂತುಗಳ ಸುತ್ತಲ ಮರವೇ ಇರುವುದಿಲ್ಲ, ಗುರುತೂ ಇಲ್ಲ. ಈ ಉಪಾಯದ ಬಗ್ಗೆ ನನಗೆ ಇವತ್ತಿಗೂ ಸ್ವಲ್ಪ ಜಂಬ ಇದೆ. (ಪಿಕಪ್ ಓರೆಯಾಗಿ ಕೂರುವಂಥದ್ದಾಗಿದ್ದರೆ ಟೆಂಪ್ಲೇಟನ್ನೂ ಮಗುಚಬೇಕು. ಇಲ್ಲದಿದ್ದರೆ ಓರೆ ಉಲ್ಟಾ ಆಗುತ್ತದೆ.)

ಅಗಲ ತೂತು ಕೊರೆಯುವ ಫೋರ್ಸ್ಟ್ನರ್ ಬಿಟ್‌ನಿಂದ ಹೆಚ್ಚಿನ ಮರ ತೆಗೆದು, ಮರ ಕೆತ್ತುವ ಯಂತ್ರ ರೌಟರ್ ಹಿಡಿದು ಒಂದೊಂದು ಸುತ್ತಿಗೆ 5 ಮಿಮೀಯಂತೆ ಇಳಿದೆ. 30 ಮಿಮೀ ದಾಟಿದ ಮೇಲೆ ಬಿಟ್‌ನ ಉದ್ದ ಸಾಲಲಿಲ್ಲ. ಆಗ ಬುದ್ಧಿ ಕೈ ಕೊಟ್ಟಿತು. ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್ ಸಡಿಲಿಸಿ ಬಿಟ್ಟನ್ನು ಇನ್ನೊಂದಿಷ್ಟು ಹೊರಗೆಳೆದು ಬಿಗಿದೆ. ಒಳಗೆ ಹಿಡಿತಕ್ಕೆ ಉಳಿದದ್ದು ಬೆರಳ ಉಗುರಿನಷ್ಟು. ಯಾರಾದರೂ ಹೀಗೆ ಮಾಡುವುದನ್ನು ಕಂಡಿದ್ದರೆ ನಾನೇ ಬೈಯುತ್ತಿದ್ದೆ.

ಮೂರನೆಯ ಮೂಲೆಗೆ ಬರುವಾಗ ರೌಟರಿನ ಕೀರಲು ಸದ್ದು ತಗ್ಗಿತು, ಹೊಟ್ಟು ದಪ್ಪದಪ್ಪ ಬರತೊಡಗಿತು. ಸ್ವಿಚ್ ಆರಿಸುವುದಕ್ಕೆ ಎರಡು ಸೆಕೆಂಡ್ ತಡ ಮಾಡಿದೆ. ಬಿಟ್ ಕಾಲೆಟ್‌ನಿಂದ ಜಾರಿ ಕೆಳಕ್ಕೆ ಇಳಿದಿತ್ತು. ಹಲಗೆ ಬೋರಲಾಗಿದ್ದರಿಂದ ಮುಂದೆ ಏನಾಗಿದೆಯೋ ತಿಳಿಯದು. ತಿರುಗಿಸಿ ನೋಡಲು ಧೈರ್ಯ ಸಾಲದೆ ಮೊದಲು ವರ್ನಿಯರ್ ಇಟ್ಟೆ. ಆ ಮೂಲೆಯಲ್ಲಿ ಅಂಚು 6 ಅಲ್ಲ, 2.5 ಮಿಮೀ. ಬೆರಳಿಂದ ಒತ್ತಿದರೆ ಮಣಿಯುತ್ತಿತ್ತು.

ಹಾಗೇ ಬಿಡುವಂತಿರಲಿಲ್ಲ. ಕಿವಿಗೂ ಅಂಚಿಗೂ ನಡುವೆ ಸ್ಪ್ರಿಂಗ್ ಇರುತ್ತದೆ. ಪಿಕಪ್ಪನ್ನು ತಂತಿಯ ಹತ್ತಿರ ತರಲು ಸ್ಕ್ರೂ ಬಿಗಿದಷ್ಟೂ ಅದರ ಮೊನೆ ಮರದೊಳಕ್ಕೆ ಹೋಗುತ್ತದೆ. 2.5 ಮಿಮೀ ಅಂದರೆ ಮೊನೆ ಮುಖದ ಮೇಲೆ ಹೊರಬರುವುದು ಖಂಡಿತ. ಯಾವ ಸ್ಕ್ರೂ ಕಾಣಬಾರದೆಂದು ಇಷ್ಟೆಲ್ಲ ಮಾಡಿದೆನೋ ಅದೇ ಸ್ಕ್ರೂ!

ಉಳಿಯಿಂದ ಆ ಮೂಲೆಯನ್ನು ಸಮ ಮಾಡಿ, ಅದೇ ಹಲಗೆಯ ತುಂಡಿನಿಂದ 4 ಮಿಮೀಯ ಬಿಲ್ಲೆ ಕತ್ತರಿಸಿ, ಎಳೆಯ ದಿಕ್ಕು ಹೊಂದಿಸಿ ಅಂಟಿಸಿದೆ. ಮುಂದೆ ಚಪ್ಪಟೆ ಹಲಗೆಯ ಆಸರೆ ಕೊಟ್ಟು ಕ್ಲಾಂಪ್ ಹಾಕಿ ಒಂದಿಡೀ ದಿನ ಮುಟ್ಟಲಿಲ್ಲ. ಸ್ಕ್ರೂವಿನ ಮೊನೆಯನ್ನೂ ಅರದಿಂದ ಮೊಂಡು ಮಾಡಿದೆ.

ಈಗ ಮುಂದಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಿಕಪ್ಪಿನ ಎತ್ತರ ಬದಲಿಸಬೇಕೆಂದರೆ ಮಾತ್ರ ಗಿಟಾರ್ ಮಗುಚಿ, ಮುಚ್ಚಳ ತೆಗೆದು, ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಮತ್ತೆ ಮಗುಚಿ ನುಡಿಸಿ ನೋಡಬೇಕು. ಪ್ರತಿ ಸಲವೂ ಆ ಬಿಲ್ಲೆ ಕಣ್ಣಿಗೆ ಬೀಳುತ್ತದೆ, ಸುತ್ತಲಿನ ಮರಕ್ಕಿಂತ ತುಸು ಕೆಂಪಗೆ.